ನೀರಿಳಿದರೆ ಲಿಂಗ

ಶಿರಸಿಯಿಂದ ಯಲ್ಲಾಪುರದ ದಾರಿ ಹಿಡಿದು ಭೈರುಂಬೆ ದಾಟಿದರೆ ಹುಳಗೋಳ. ಅಲ್ಲಿಂದ ಒಳದಾರಿಯಲ್ಲಿ ಇಳಿದರೆ ಶಾಲ್ಮಲಾ. ಶಿವರಾತ್ರಿಯ ಹೊತ್ತಿಗೆ ಬಂದರೆ ಮೊಣಕಾಲುದ್ದದ ನೀರು; ಆಷಾಢದಲ್ಲಿ ಬಂದರೆ ದಡದಲ್ಲಿ ನಿಂತವರ ಮಾತು ಪಕ್ಕದವರಿಗೇ ಕೇಳಿಸದು.

ಊರವರನ್ನು ಕೇಳಿದರೆ ‘ಸೋಂದಾ ಹೊಳೆ’ ಎಂದೇ ಹೇಳಿಯಾರು. ಧಾರವಾಡದ ಸೋಮೇಶ್ವರದಲ್ಲೂ ಒಬ್ಬಳು ಶಾಲ್ಮಲೆ ಹುಟ್ಟುತ್ತಾಳೆ, ಹೆಸರು ಕೇಳಿ ಮೋಸಹೋಗಬಾರದು. ಈಕೆ ಶಿರಸಿಯ ಕಾಡಿನವಳು.

ಇಲ್ಲಿ ಹೊಳೆಯ ಬಂಡೆಗಳೇ ಗುಡಿ. ಸೋದೆಯನ್ನು, ಅಂದರೆ ಇದೇ ಸೋಂದಾವನ್ನು, 1678ರಿಂದ 1718ರವರೆಗೆ ಆಳಿದ ಸದಾಶಿವರಾಯ ಕೆತ್ತಿಸಿದ್ದೆಂದು ಹೇಳುವ ಸಹಸ್ರಲಿಂಗ. ಸಾವಿರ ಇವೆಯೇ? ನಾನು ಎಣಿಸಲು ಹೊರಟು ಎಪ್ಪತ್ತರ ಆಚೀಚೆ ಲೆಕ್ಕ ತಪ್ಪಿದೆ. ಒಂದು ಬಂಡೆಗೆ ಒಂದೇ ಲಿಂಗ, ಇನ್ನೊಂದಕ್ಕೆ ಸಾಲು ಸಾಲು; ಅಲ್ಲಲ್ಲಿ ಎದುರಿಗೆ ನಂದಿ. ಪೀಠದ ಕುಳಿಯಲ್ಲಿ ನಿಂತ ನೀರಿನಲ್ಲಿ ಬೆರಳುಗುರಿನಷ್ಟು ಮೀನುಮರಿ ಸುತ್ತು ಹಾಕುತ್ತಿತ್ತು. ಅದಕ್ಕೆ ಅದೇ ಪ್ರದಕ್ಷಿಣೆ. ಪೂಜಿಸುವವರು ತಾವೇ ನೀರು ಮೊಗೆದು ಎರೆಯುತ್ತಾರೆ, ಉಳಿದ ಆರು ತಿಂಗಳ ಅಭಿಷೇಕ ಹೊಳೆಯದ್ದು.

ಕೆಳಗೆ ಹರಿದಂತೆ ನಡುಗಡ್ಡೆಯ ಗಣೇಶಪಾಲ್, ಮುಂದೆ ಬೇಡ್ತಿ. ಬೇಡ್ತಿಯೇ ಗಂಗಾವಳಿಯಾಗಿ ಅಂಕೋಲೆಯ ಬಳಿ ಕಡಲು ಸೇರುತ್ತದೆ. ಶಾಲ್ಮಲೆಯ ದಂಡೆಯ ಕಾಡನ್ನು ಸರ್ಕಾರ 2012ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. ಅದೇ ನೀರು ಬೇಡ್ತಿ–ವರದಾ ಜೋಡಣೆಯ ನಕ್ಷೆಯಲ್ಲೂ ಇದೆ. ಪಟ್ಟಣದ ಹಳ್ಳದ ಜತೆ ಶಾಲ್ಮಲಾ ಹಳ್ಳಕ್ಕೂ ಅಣೆಕಟ್ಟು ಹಾಕಿ ನೀರನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆಯದು. ಬಯಲಿನ ಬಾಯಾರಿಕೆ ಸುಳ್ಳಲ್ಲ. ಆದರೆ ಮಳೆಗಾಲದ ಈ ಹೊಳೆಯನ್ನು ನೋಡಿ ‘ಹೆಚ್ಚುವರಿ ನೀರು’ ಎಂದು ಬರೆಯುವವರು ಒಮ್ಮೆ ಏಪ್ರಿಲ್‌ನಲ್ಲೂ ಬಂದು ಹೋಗಬೇಕು. ಆಗ ಕೆಳಗಿನ ಅಡಿಕೆ ತೋಟದವರೂ ಅಳಿವೆಯ ಮೀನುಗಾರರೂ ಯಾವ ನೀರನ್ನು ನಂಬಿದ್ದಾರೆಂದು ತಿಳಿದೀತು.

ಹೊಳೆ ದಾಟಲು ತೂಗುಸೇತುವೆಯಿದೆ. ಜೂನ್ ಕೊನೆಯಲ್ಲಿ ಮತ್ತೆ ಹೋದಾಗ ಅದರ ಮೇಲೆ ನಿಂತು ಕೆಳಗೆ ನೋಡಿದೆ. ಕೆಂಪು ನೀರು. ಮೀನುಮರಿ ಸುತ್ತುತ್ತಿದ್ದ ಬಂಡೆ ಎಲ್ಲಿತ್ತೆಂದು ಹುಡುಕುತ್ತಿರುವಾಗಲೇ ಪಕ್ಕದಲ್ಲಿದ್ದ ಹುಡುಗ ಕೈ ತೋರಿಸಿದ: ‘ಅಲ್ಲಿ ನೀರು ಉಬ್ಬಿಕೊಂಡು ಹಾರ್ತಾ ಇದೆಯಲ್ಲ, ಅದರಡಿಗೆ ಬಸವಣ್ಣ.’