ಪುಕ್ಕಟೆ ಕರೆಂಟಿನ ಲೆಕ್ಕ

ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎಂಬ ಗಾದೆ ನಮ್ಮವರಿಗೆ ಹೊಸದಲ್ಲ. ಮಹಾರಾಷ್ಟ್ರ ಸರಕಾರವು 2024ರಲ್ಲಿ 7.5 ಅಶ್ವಶಕ್ತಿಯವರೆಗಿನ ನೀರೆತ್ತುವ ಪಂಪುಗಳಿಗೆ ಐದು ವರ್ಷಗಳ ಮಟ್ಟಿಗೆ ವಿದ್ಯುತ್ತನ್ನು ಉಚಿತ ಮಾಡಿತು. ರಾಜ್ಯದ ಸುಮಾರು 44 ಲಕ್ಷ ರೈತರಿಗೆ ಇದು ಅನ್ವಯಿಸುತ್ತದೆ. ಅಕ್ಕಲಕೋಟೆ, ಜತ್ತದಂಥ ಬರದ ಸೀಮೆಯ ನಮಗೆ ಇದು ದೊಡ್ಡ ಆಸರೆ. ಅದನ್ನು ನಾವು ಹಳಿಯುವದಿಲ್ಲ. ಆದರೆ ಬಿಲ್ಲು ಬಾರದ ಮಾತ್ರಕ್ಕೆ ಅದಕ್ಕೆ ಬೆಲೆಯೇ ಇಲ್ಲವೆಂದು ತಿಳಿಯಬಾರದು.

ಮೊದಲು ಹೊಗೆಯ ಲೆಕ್ಕ. 5 ಅಶ್ವಶಕ್ತಿಯ ಮೋಟರು ಪೂರ್ಣ ಭಾರದಲ್ಲಿ ಎಂಟು ತಾಸು ನಡೆದರೆ 30ಕ್ಕೂ ಹೆಚ್ಚು ಯೂನಿಟ್ಟು ಬೇಕು. ಅಷ್ಟನ್ನು ಹುಟ್ಟಿಸಲು ಸುಮಾರು 20 ಕಿಲೋ ಕಲ್ಲಿದ್ದಲು ಸುಡಬೇಕಾಗುತ್ತದೆ. ಸೊಲ್ಲಾಪುರದ ಹತ್ತಿರ, ಹೊಟಗಿಯ ಕಡೆಗೆ, 1320 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಕೇಂದ್ರವೇ ಇದೆ. ಅಗತ್ಯವಿಲ್ಲದೆ ಮೋಟರು ನಡೆದಷ್ಟೂ ಹೊಗೆ, ಬೂದಿ ಎಲ್ಲಿಯೋ ಹೆಚ್ಚುತ್ತವೆ.

ಎರಡನೆಯದು ಉದ್ಯಮದ ಲೆಕ್ಕ. ನಮ್ಮ ಕರೆಂಟಿನ ಹಣವನ್ನು ಕೆಲಮಟ್ಟಿಗೆ ಸರಕಾರದ ಬೊಕ್ಕಸ ತುಂಬಿದರೆ, ಉಳಿದದ್ದು ಕಾರಖಾನೆ, ಅಂಗಡಿಗಳ ಹೆಚ್ಚಿನ ದರದಿಂದ ಬರುತ್ತದೆ. 2003ರ ವಿದ್ಯುತ್ ಕಾಯಿದೆಯ ತರುವಾಯ ದೊಡ್ಡ ಕಾರಖಾನೆಗಳು ಲೈಸೆನ್ಸಿಲ್ಲದೆ ಸ್ವಂತ ವಿದ್ಯುತ್ತನ್ನು ಹುಟ್ಟಿಸಿಕೊಳ್ಳಬಲ್ಲವು. ಸಣ್ಣವರಿಗೆ ಆ ಬಂಡವಾಳವೆಲ್ಲಿ? ಚಾದರು, ಟಾವೆಲು ನೇಯುವ ವಿದ್ಯುತ್ ಮಗ್ಗದವರಿಗೆ ಸರಕಾರವು ಮತ್ತೆ ಬೇರೆ ರಿಯಾಯಿತಿ ಕೊಡಬೇಕಾಗಿದೆ. ಒಂದು ಸಹಾಯಧನ ಇನ್ನೊಂದನ್ನು ಹೆರುತ್ತದೆ. ಇತ್ತ ಸಕ್ಕರೆ ಕಾರಖಾನೆಗೆ ಎರಡು ಅನುಕೂಲ: ಕಬ್ಬಿನ ಸಿಪ್ಪೆಯಿಂದ ತನ್ನ ಕರೆಂಟನ್ನು ತಾನೇ ಮಾಡಿಕೊಳ್ಳುತ್ತದೆ, ಅಗ್ಗದ ನೀರೆತ್ತುವಿಕೆಯಿಂದ ಕಬ್ಬೂ ಬೆಳೆಯುತ್ತದೆ. ಮಳೆ ಕಡಿಮೆಯಾದ ಸೊಲ್ಲಾಪುರ ಜಿಲ್ಲೆಯಲ್ಲಿ ಇಷ್ಟು ಸಕ್ಕರೆ ಕಾರಖಾನೆಗಳು ನಿಂತುದಕ್ಕೆ ಉಜನಿಯ ನೀರಿನೊಡನೆ ಇದೂ ಒಂದು ಕಾರಣ.

ಇನ್ನು ಸೂರ್ಯಶಕ್ತಿಯ ಪಂಪು. 2024ರ ರಾಜ್ಯ ಯೋಜನೆಯಲ್ಲಿ ಸಾಮಾನ್ಯ ರೈತನು ಬೆಲೆಯ ಶೇಕಡಾ 10, ಪರಿಶಿಷ್ಟ ಜಾತಿ, ಪಂಗಡದವನು ಶೇಕಡಾ 5 ಭಾಗ ಮಾತ್ರ ಹಾಕಬೇಕು. ಅದು ಹೊಗೆ ಬಿಡದು, ಹಗಲಿನಲ್ಲಿಯೇ ನಡೆಯುವದರಿಂದ ರಾತ್ರಿ ಹಾವು ಚೇಳಿನ ಭಯವೂ ಇಲ್ಲ. ಆದರೆ ಬಿಸಿಲು ಪುಕ್ಕಟೆಯಾದರೂ ಭಾವಿಯ ತಳ ಪುಕ್ಕಟೆಯಲ್ಲ. ಕರೆಂಟು ಕಲ್ಲಿದ್ದಲಿನದಿರಲಿ, ಸೂರ್ಯನದಿರಲಿ, ಎತ್ತಿದ ನೀರು ಎತ್ತಿದ್ದೇ.

ಆದುದರಿಂದ ರೈತ ಬಾಂಧವರೇ, ಭಾವಿಯ ನೀರಿಗೆ ತಕ್ಕ ಮೋಟರನ್ನು ಕೂಡಿಸಿರಿ. ಅದಕ್ಕೆ ಕೆಪ್ಯಾಸಿಟರ್ ಹಾಕಿಸಿರಿ. ಕಬ್ಬು ಇದ್ದವರು ಹನಿ ನೀರಾವರಿ ಮಾಡಿರಿ. ಎರೆಹೊಲವನ್ನು ಹಿಂಗಾರಿ ಬಿಳಿಜೋಳಕ್ಕೆ, ಕಡಲೆಗೆ ಉಳಿಸಿರಿ. ಅವು ನೆಲದ ಹಸಿಯಲ್ಲಿಯೇ ಬರುತ್ತವೆ. ಸರಕಾರದ ರಿಯಾಯಿತಿ ಇಂದು ಇದ್ದು ನಾಳೆ ಹೋದೀತು. ಭಾವಿಯಲ್ಲಿ ಉಳಿಸಿದ ನೀರು ಮಾತ್ರ ನಮ್ಮ ಮಕ್ಕಳ ಪಾಲಿಗೆ ಸಿಕ್ಕೀತು.