ಕಿವಿ ಸೋರುವುದನ್ನು ಅಲಕ್ಷ್ಯ ಮಾಡಬೇಡಿ



ಮಳೆಗಾಲ ಬಂತೆಂದರೆ ಶಿಕಾರಿಪುರ, ಸೊರಬದ ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ನೆಗಡಿ ತಪ್ಪಿದ್ದಲ್ಲ. ನೆಗಡಿಯ ಹಿಂದೆ ಕಿವಿನೋವು, ಅದರ ಹಿಂದೆ ಕಿವಿ ಸೋರುವುದು. "ದೊಡ್ಡವನಾದ ಮೇಲೆ ತಾನಾಗೇ ನಿಲ್ಲತ್ತೆ ಬಿಡಿ ಸಿಸ್ಟರ್" ಎಂದು ಸಭೆಗಳಲ್ಲಿ ಹೇಳುವವರಿದ್ದಾರೆ. ಎಲ್ಲ ಸಲವೂ ನಿಲ್ಲುವುದಿಲ್ಲ. ನಿಲ್ಲುವ ಹೊತ್ತಿಗೆ ಕೇಳುವ ಶಕ್ತಿಯೇ ಕಡಿಮೆಯಾಗಿರಬಹುದು.

ನಡುಕಿವಿ ಎಂದರೇನು?

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯಿದೆ. ಅದೇ ನಡುಕಿವಿ. ಅಲ್ಲಿರುವ 3 ಸಣ್ಣ ಮೂಳೆಗಳು ಶಬ್ದವನ್ನು ಒಳಕಿವಿಗೆ ಮುಟ್ಟಿಸುತ್ತವೆ. ಈ ಕೋಣೆಯಿಂದ ಮೂಗಿನ ಹಿಂಭಾಗಕ್ಕೆ ಒಂದು ಕೊಳವೆ ಇದೆ. ಮಕ್ಕಳಲ್ಲಿ ಇದು ಗಿಡ್ಡವಾಗಿ, ಅಡ್ಡವಾಗಿ ಇರುವುದರಿಂದ ನೆಗಡಿಯ ಸೋಂಕು ಸುಲಭವಾಗಿ ಕಿವಿಗೆ ಹತ್ತುತ್ತದೆ.

ಸಾಮಾನ್ಯ ಕಾಯಿಲೆಗಳು

1. ಹಠಾತ್ ಸೋಂಕು: ಜ್ವರ, ವಿಪರೀತ ಕಿವಿನೋವು. ಕೆಲವೊಮ್ಮೆ ಕೀವು ಒತ್ತಿ ತಮಟೆ ಒಡೆಯುತ್ತದೆ. ಆಗ ನೋವು ಇಳಿಯುತ್ತದೆ, ನಾವು ವಾಸಿಯಾಯ್ತು ಅಂದುಕೊಳ್ಳುತ್ತೇವೆ. ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಈ ತೂತು ಹೆಚ್ಚಾಗಿ ತಾನೇ ಕೂಡಿಕೊಳ್ಳುತ್ತದೆ.

2. ಅಂಟುಕಿವಿ: ತಮಟೆಯ ಹಿಂದೆ ಅಂಟಿನಂಥ ನೀರು ನಿಲ್ಲುತ್ತದೆ. ನೋವಿಲ್ಲ, ಸೋರುವುದಿಲ್ಲ, ಆದರೆ ಕಿವಿ ಮಂದ. ಕರೆದರೆ ತಿರುಗಿ ನೋಡದ ಮಗುವನ್ನು "ಮೊಂಡ" ಅಂತ ಬೈಯುವ ಮೊದಲು ಕಿವಿ ಪರೀಕ್ಷೆ ಮಾಡಿಸಿ.

3. ಬಹುಕಾಲದ ಸೋರುವಿಕೆ: 2 ವಾರ ದಾಟಿಯೂ ಸೋರುತ್ತಿದ್ದರೆ ತಮಟೆಯ ತೂತು ಮುಚ್ಚಿಲ್ಲ ಎಂದೇ ತಿಳಿಯಿರಿ.

4. ಮೂಳೆ ತಿನ್ನುವ ಕಾಯಿಲೆ: ಸೋರುವುದು ಸ್ವಲ್ಪವೇ, ಆದರೆ ಕೆಟ್ಟ ವಾಸನೆ. ಇದು ಮೂಳೆಯನ್ನು ಸವೆಸುತ್ತಾ ಮೆದುಳಿನವರೆಗೂ ಹೋಗಬಹುದು. ಇದಕ್ಕೆ ಆಪರೇಷನ್ ಬೇಕೇ ಬೇಕು.

ಚಿಕಿತ್ಸೆ

ಹೊಸ ಸೋಂಕಿಗೆ ವೈದ್ಯರು ನೋವಿನ ಔಷಧಿ, ಅಗತ್ಯವಿದ್ದರೆ ಆಂಟಿಬಯೋಟಿಕ್ ಕೊಡುತ್ತಾರೆ. ನೋವು ಹೋಯಿತೆಂದು ಅರ್ಧಕ್ಕೆ ನಿಲ್ಲಿಸಬೇಡಿ. ಹಳೆಯ ಸೋರುವಿಕೆಗೆ ಕಿವಿಯನ್ನು ಒಣಗಿಸಿ ಔಷಧಿ ಹನಿ ಹಾಕಬೇಕು. ಶುಭ್ರವಾದ ಹತ್ತಿ ಬಟ್ಟೆಯನ್ನು ಬತ್ತಿಯ ಹಾಗೆ ಹೊಸೆದು ಕಿವಿಯಲ್ಲಿಡಿ, ಒದ್ದೆಯಾದ ಕೂಡಲೇ ಬದಲಿಸಿ, ಒಣಗುವ ತನಕ ಹೀಗೆ ಮಾಡಿ. ದಿನಕ್ಕೆ 3-4 ಸಲ ಮಾಡಬಹುದು. ತೂತು ಮುಚ್ಚದಿದ್ದರೆ ಕಿವಿಯ ಹಿಂಭಾಗದ ತೆಳು ಪೊರೆಯಿಂದ ತಮಟೆಗೆ ತೇಪೆ ಹಾಕುವ ಆಪರೇಷನ್ ಇದೆ.

ಇವನ್ನು ಮಾಡಬೇಡಿ

- ಕಾಯಿಸಿದ ಎಣ್ಣೆ, ಬೆಳ್ಳುಳ್ಳಿ ಎಣ್ಣೆ, ಸೊಪ್ಪಿನ ರಸ, ಎದೆಹಾಲು ಕಿವಿಗೆ ಹಾಕುವುದು.
- ಹೇರ್‌ಪಿನ್, ಬೆಂಕಿಕಡ್ಡಿ ಹಾಕುವುದು.
- ವೈದ್ಯರಿಗೆ ತೋರಿಸದೆ ಅಂಗಡಿಯ ಹನಿ ಹಾಕುವುದು.
- ಸೋರುವ ಕಿವಿಯಲ್ಲಿ ಕೆರೆ, ಹೊಳೆಗೆ ಈಜಲು ಬಿಡುವುದು. ಸ್ನಾನಕ್ಕೆ ವ್ಯಾಸಲೀನ್ ಸವರಿದ ಹತ್ತಿ ಇಡಿ.
- ಮಲಗಿಸಿಕೊಂಡು ಬಾಟಲಿ ಹಾಲು ಕುಡಿಸುವುದು. ಮಗುವಿನ ಹತ್ತಿರ ಬೀಡಿ ಹೊಗೆ, ಒಲೆ ಹೊಗೆಯೂ ಬೇಡ.

ಎಲ್ಲಿಗೆ ಹೋಗಬೇಕು?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಹೆಚ್ಚಿನ ಚಿಕಿತ್ಸೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ವಿಭಾಗವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆಯುತ್ತದೆ. ಅದರ ಪಟ್ಟಿಯಲ್ಲಿ ನಡುಕಿವಿಯ ಸೋಂಕೂ ಇದೆ. ತಪಾಸಣೆಯ ದಿನ ಮಗುವನ್ನು ತಪ್ಪದೆ ಕಳಿಸಿ, ಕಿವಿಯ ತೊಂದರೆ ಇದ್ದರೆ ಬಾಯಿಬಿಟ್ಟು ಹೇಳಿ.

ಕಿವಿಯ ಹಿಂದೆ ಬಾವು, ಬಾಯಿ ಸೊಟ್ಟಗಾಗುವುದು, ತಲೆಸುತ್ತು, ಜ್ವರದ ಜೊತೆ ತೀವ್ರ ತಲೆನೋವು, ವಾಂತಿ ಕಂಡರೆ ಅದೇ ದಿನ ಆಸ್ಪತ್ರೆಗೆ ಓಡಿ.

ಸಂಘ ಏನು ಮಾಡಬಹುದು?

ಮುಂದಿನ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಬರೆದಾದ ಮೇಲೆ ಒಂದು ಪ್ರಶ್ನೆ ಕೇಳಿ: "ಯಾರ ಮನೇಲಿ ಕಿವಿ ಸೋರ್ತಿದೆ?" ಮಕ್ಕಳದ್ದು ಮಾತ್ರವಲ್ಲ, ವರ್ಷಗಟ್ಟಲೆ ಹತ್ತಿ ಇಟ್ಟುಕೊಂಡು ಗದ್ದೆ ಕೆಲಸ ಮಾಡುವ ನಮ್ಮ ಸದಸ್ಯೆಯರದ್ದೂ ಕೇಳಿ. ಬಸ್ ಖರ್ಚಿಗೆ ದುಡ್ಡಿಲ್ಲವೆಂದರೆ ಸಂಘದಿಂದ ಸಣ್ಣ ಸಾಲ ಕೊಡಿ, ಜೊತೆಗೊಬ್ಬರು ಹೋಗಿ. ಕಿವಿ ಕೇಳದ ಮಗು ಮಾತು ಕಲಿಯುವುದು ತಡ, ಪಾಠದಲ್ಲೂ ಹಿಂದೆ. ಒಂದು ದಿನದ ಕೂಲಿ ಹೋದರೆ ಮತ್ತೆ ದುಡಿಯಬಹುದು, ಹೋದ ಕಿವಿ ಮರಳಿ ಬರುವುದು ಕಷ್ಟ.