ಗಾಲಿಕುರ್ಚಿಯ ಅಳತೆಗೆ ಕಟ್ಟಿದ ಮನೆ

ಮನೆ ಕಟ್ಟಿಸುವಾಗ ನಾವೆಲ್ಲ ನಡೆದು ಬರುವವರ ಕಾಲಿಗೂ ನಿಂತು ನೋಡುವವರ ಕಣ್ಣಿಗೂ ಅಳತೆ ಹಿಡಿಯುತ್ತೇವೆ. ಬಾಗಿಲ ಮುಂದೆ ಎರಡು ಮೆಟ್ಟಿಲು, ಅದರಾಚೆ ಹೊಸ್ತಿಲು, ಕೈಯೆತ್ತಿ ಒತ್ತುವ ದೀಪದ ಗುಂಡಿ. ಮನೆಯವರಲ್ಲೊಬ್ಬರು ಗಾಲಿಕುರ್ಚಿಯಲ್ಲಿ ಕೂರಬೇಕಾಗಿ ಬಂದ ದಿನ ಆ ಮೆಟ್ಟಿಲೇ ಗೋಡೆಯಾಗುತ್ತದೆ. ತನ್ನ ಮನೆಯ ಅಂಗಳಕ್ಕಿಳಿಯಲೂ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ.

ಅಮೆರಿಕೆಯ ಇಲಿನಾಯ್ ಸಂಸ್ಥಾನದ ರಾಕ್‌ಫರ್ಡ್ ಪಟ್ಟಣದ ಕೆನೆತ್ ಲಾರೆಂಟರಿಗೆ ಬಂದದ್ದೂ ಇದೇ ಕಷ್ಟ. ಎರಡನೆಯ ಮಹಾಯುದ್ಧದಲ್ಲಿ ನೌಕಾದಳದಲ್ಲಿದ್ದ ಅವರು, ಬೆನ್ನುಹುರಿಯ ಗೆಡ್ಡೆಗೆ ಆದ ಶಸ್ತ್ರಚಿಕಿತ್ಸೆಯ ನಂತರ ಕಾಲುಗಳ ಸ್ವಾಧೀನ ಕಳೆದುಕೊಂಡರು. 1948ರಲ್ಲಿ ಅವರು ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟರಿಗೆ ಪತ್ರ ಬರೆದು ತಮ್ಮ ಸ್ಥಿತಿಯನ್ನು ತಿಳಿಸಿದರು. ರೈಟರಿಗೆ ಆಗಲೇ ಎಂಬತ್ತು ವರ್ಷ ದಾಟಿತ್ತು. 1952ರಲ್ಲಿ ಮನೆ ಸಿದ್ಧವಾಯಿತು. ಇಂಥ ಕಟ್ಟಡಗಳಿಗಾಗಿ ಅಮೆರಿಕೆಯಲ್ಲಿ ಮೊದಲ ರಾಷ್ಟ್ರೀಯ ಮಾನಕ ಹೊರಬಿದ್ದದ್ದು 1961ರಲ್ಲಿ.

ಈ ಮನೆಗೆ ಒಂದೇ ಅಂತಸ್ತು. ನೆಲ ಒಂದೇ ಮಟ್ಟ. ಹೊರಗಿನ ಜಗಲಿಯೂ ಅದೇ ಮಟ್ಟ. ಬಾಗಿಲುಗಳು ಅಗಲ, ದೀಪದ ಗುಂಡಿಗಳು ತಗ್ಗಿನಲ್ಲಿ. ಪೀಠ, ಬೀರುಗಳನ್ನು ಗೋಡೆಗೇ ಹೊಂದಿಸಿರುವುದರಿಂದ ನಡುವೆ ಗಾಲಿಗಳಿಗೆ ದಾರಿ ತೆರವಾಗಿದೆ. ತೋಟದ ಕಡೆಗೆ ಕಮಾನಿನಂತೆ ಬಾಗಿದ ಗಾಜಿನ ಗೋಡೆ. ಕುಳಿತವರ ಕಣ್ಣಿನ ಎತ್ತರವನ್ನೇ ರೈಟ್ ಮಾನದಂಡವಾಗಿಟ್ಟುಕೊಂಡರು. ಆಸನಗಳೂ ತಗ್ಗು, ಬಂದ ಅತಿಥಿ ಕುಳಿತರೆ ಯಜಮಾನನಿಗೆ ಸಮವಾಗುತ್ತಾನೆ. ಇಲ್ಲಿ ಮಿತವಾದ ಸಾಮಾನು ಬರಿಯ ಅಂದಕ್ಕಲ್ಲ, ಓಡಾಟದ ಸ್ವಾತಂತ್ರ್ಯಕ್ಕೆ. ಆಸ್ಪತ್ರೆಯ ಛಾಯೆ ಎಲ್ಲಿಯೂ ಇಲ್ಲ.

ಹೊಸದಾಗಿ ಮನೆ ಕಟ್ಟಿಸುವವರು ನಕ್ಷೆಯ ಮೇಲೆಯೇ ನೋಡಬೇಕಾದ ಲೆಕ್ಕಗಳು ಕೆಲವೇ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಆರು ಅಂಗುಲದ ಒಂದು ಮೆಟ್ಟಿಲಿಗೆ ಆರಡಿ. ಬಾಗಿಲ ತೆರಪು ಮೂರಡಿ. ಕುರ್ಚಿ ಒಂದು ಸುತ್ತು ತಿರುಗಲು ಐದಡಿ ವ್ಯಾಸದ ಜಾಗ, ಮುಖ್ಯವಾಗಿ ಬಚ್ಚಲಿನಲ್ಲಿ. ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯಲಿ; ಒಳಗೆ ಯಾರಾದರೂ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲು ಅವರಿಗೇ ತಡೆಯಾಗುತ್ತದೆ. ಇವೆಲ್ಲ ಆರಂಭದಲ್ಲಿ ಸುಲಭ. ಗೋಡೆ ಎದ್ದ ಮೇಲೆ ಒಡೆಯುವ ಕೆಲಸ, ದುಬಾರಿಯ ಕೆಲಸ.

ಲಾರೆಂಟ್ ದಂಪತಿಗಳು ಆ ಮನೆಯಲ್ಲಿ ಸುಮಾರು ಆರು ದಶಕ ಬಾಳಿದರು. 2014ರಿಂದ ಅದು ಸಾರ್ವಜನಿಕರ ವೀಕ್ಷಣೆಗೆ ತೆರೆದಿದೆ. ಗಾಲಿಗೆ ಸುಗಮವಾದ ನೆಲ ಊರುಗೋಲಿನ ಅಜ್ಜಿಗೂ ತಪ್ಪುಹೆಜ್ಜೆಯ ಮಗುವಿಗೂ ಸುಗಮ. ಮನೆಯ ಯಾವ ಮೂಲೆಗೂ ಯಾರನ್ನೂ ಕರೆಯದೆ ಹೋಗಿಬರುವಂತಾದರೆ ಅದೇ ನಿಜವಾದ ಸ್ವಂತ ಮನೆ.